ಸುಳ್ಳು ಒಂದೂ ಇಲ್ಲ, ಆದರೂ ದಾರಿ ತಪ್ಪಿಸುವ ಲೇಬಲ್: ಕಾನೂನು ಏನು ಹೇಳುತ್ತದೆ?

ಮೂಲೆಬೆಂಚು:
ಒಂದು ಸರಳ ಪ್ರಶ್ನೆ. ಪ್ಯಾಕೆಟ್ಟಿನ ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಒಂದು ಹಣ್ಣಿನ ಹೆಸರು, ಜೊತೆಗೆ ಚೆಂದದ ಚಿತ್ರ. ತಿರುಗಿಸಿ ಸಣ್ಣ ಅಕ್ಷರ ಓದಿದರೆ ಆ ಹಣ್ಣು ಒಳಗೆ ಇಲ್ಲ, ಇದ್ದರೂ ಹೆಸರಿಗಷ್ಟೇ. ಮುಂದೆ ಬರೆದಿದ್ದು, ಹಿಂದೆ ಬರೆದಿದ್ದು ಎರಡನ್ನೂ ಬಿಡಿಬಿಡಿಯಾಗಿ ನೋಡಿದರೆ ಸುಳ್ಳಿಲ್ಲ. ಒಟ್ಟಿಗೆ ನೋಡಿದರೆ ಮೋಸ. "ಹಿಂದೆ ಬರೆದಿದ್ದೆವಲ್ಲ, ನೀವು ಓದಬೇಕಿತ್ತು" ಅಂದರೆ ಕಂಪನಿ ಬಚಾವಾ? ಯಾವ ದೇಶದ ಕಾನೂನಾದರೂ ಪರವಾಗಿಲ್ಲ, ಗೊತ್ತಿದ್ದವರು ಹೇಳಿ.

ಕರಡುಪ್ರತಿ:
ಇದೇ ಪ್ರಶ್ನೆ ಎರಡು ದೊಡ್ಡ ನ್ಯಾಯಾಲಯಗಳ ಮುಂದೆ ಬಂದಿತ್ತು.

ಅಮೆರಿಕದ್ದು ಮೊದಲು. ಕೋಕಾ-ಕೋಲಾ ಕಂಪನಿಯ ಮಿನಿಟ್ ಮೇಡ್ ಬ್ರ್ಯಾಂಡಿನ ಒಂದು ಜ್ಯೂಸ್. ಬಾಟಲಿಯ ಮೇಲೆ ದಾಳಿಂಬೆ, ಬ್ಲೂಬೆರಿ ಹೆಸರು ದೊಡ್ಡದಾಗಿ. ಒಳಗೆ ದಾಳಿಂಬೆ ರಸ 0.3%, ಬ್ಲೂಬೆರಿ ರಸ 0.2%. ಮಿಕ್ಕಿದ್ದು ಹೆಚ್ಚುಕಡಿಮೆ ಪೂರ್ತಿ ಸೇಬು ಮತ್ತು ದ್ರಾಕ್ಷಿ ರಸ. ದಾಳಿಂಬೆ ರಸ ಮಾರುವ ಪಾಮ್ ವಂಡರ್‌ಫುಲ್ ಕಂಪನಿ ಕೇಸು ಹಾಕಿತು. ಎಫ್‌ಡಿಎ (ಅಮೆರಿಕದ ಆಹಾರ ಮತ್ತು ಔಷಧ ನಿಯಂತ್ರಣ ಸಂಸ್ಥೆ) ನಿಯಮ ಒಪ್ಪುವ ಹಾಗೇ ಹೆಸರಿಟ್ಟಿದ್ದೇವೆ ಎಂಬುದು ಕೋಕಾ-ಕೋಲಾ ವಾದ. 2014ರಲ್ಲಿ ಸುಪ್ರೀಂ ಕೋರ್ಟ್ 8-0 ತೀರ್ಪು ಕೊಟ್ಟಿತು. ಎಫ್‌ಡಿಎ ನಿಯಮಗಳಿವೆ ಅನ್ನುವ ಕಾರಣಕ್ಕೆ, ದಾರಿ ತಪ್ಪಿಸಿದ್ದೀರಿ ಎಂದು ಪ್ರತಿಸ್ಪರ್ಧಿ ಹಾಕುವ ಕೇಸನ್ನು ತಡೆಯಲಾಗದು ಎಂದಿತು. ಎಲ್ಲರೂ ಕತೆಯನ್ನು ಇಲ್ಲಿಗೇ ನಿಲ್ಲಿಸುತ್ತಾರೆ. ಮುಂದಿನದು ಇನ್ನೂ ಮಜವಾಗಿದೆ. ಕೇಸು ಕೆಳಗಿನ ಕೋರ್ಟಿಗೆ ವಾಪಸ್ ಹೋಯಿತು. 2016ರಲ್ಲಿ ಅಲ್ಲಿನ ಜ್ಯೂರಿ ಲೇಬಲ್ ದಾರಿ ತಪ್ಪಿಸುವಂತಿಲ್ಲ ಎಂದು ಕೋಕಾ-ಕೋಲಾವನ್ನೇ ಗೆಲ್ಲಿಸಿತು!

ಯುರೋಪಿನದು 2015ರ ತೀರ್ಪು. ಜರ್ಮನಿಯ ಟೀಕಾನೆ ಕಂಪನಿಯ ಹಣ್ಣಿನ ಚಹಾ. ಪೆಟ್ಟಿಗೆಯ ಮೇಲೆ ರಾಸ್ಪ್‌ಬೆರಿ ಮತ್ತು ವೆನಿಲ್ಲಾ ಹೂವಿನ ಚಿತ್ರ. ಒಳಗೆ ಎರಡೂ ಇಲ್ಲ, ಅವುಗಳಿಂದ ತೆಗೆದ ಫ್ಲೇವರ್ ಕೂಡ ಇಲ್ಲ. ಪದಾರ್ಥಗಳ ಪಟ್ಟಿ ಮಾತ್ರ ಅಚ್ಚುಕಟ್ಟು, ಒಂದಕ್ಷರ ತಪ್ಪಿಲ್ಲ. ಯುರೋಪಿಯನ್ ನ್ಯಾಯಾಲಯ ಏನೆಂದಿತು ಅಂದರೆ, ಮುಂದಿನ ಚಿತ್ರ ಮತ್ತು ಹೆಸರು ಇಲ್ಲದ ಪದಾರ್ಥ ಇದೆ ಎಂಬ ಭಾವನೆ ಹುಟ್ಟಿಸಿದರೆ, ಹಿಂದಿನ ಪಟ್ಟಿ ಸರಿಯಿದ್ದ ಮಾತ್ರಕ್ಕೆ ಆ ಭಾವನೆ ಅಳಿಸಿಹೋಗುವುದಿಲ್ಲ.

ಅಂದರೆ ನಿಮ್ಮ ಪ್ರಶ್ನೆಗೆ ಯುರೋಪಿನ ಉತ್ತರ ಇದು: "ಹಿಂದೆ ಬರೆದಿದ್ದೆವಲ್ಲ" ಅನ್ನುವುದು ಯಾವಾಗಲೂ ನಡೆಯುವ ವಾದ ಅಲ್ಲ. ಅಮೆರಿಕದ ಉತ್ತರ: ಕೇಸು ಹಾಕಬಹುದು, ಗೆಲ್ಲುವುದು ಜ್ಯೂರಿ ನೋಡಿಕೊಳ್ಳಬೇಕಾದ ವಿಷಯ.

ಅಡ್ಡಪ್ರಶ್ನೆ:
ಜನ ಅಷ್ಟು ದಡ್ಡರಾ? ಒಂದು ಬಾಟಲಿ ತಿರುಗಿಸಿ ಓದೋಕೆ ಎಷ್ಟು ಹೊತ್ತು ಬೇಕು? ಮಾಹಿತಿ ಕೊಡಿ ಅಂತ ಕಾನೂನು ಹೇಳಲಿ, ಒಪ್ಪುತ್ತೇನೆ. ಕೊಟ್ಟ ಮೇಲೂ "ಓದಲಿಲ್ಲ, ಚಿತ್ರ ನೋಡಿದೆ" ಅನ್ನುವವರಿಗೋಸ್ಕರ ಇನ್ನೊಂದು ಕಾನೂನು ಮಾಡುತ್ತಾ ಹೋದರೆ ಅದಕ್ಕೆ ಕೊನೆ ಎಲ್ಲಿ?

ಗುಣಪರೀಕ್ಷೆ:
ನಾನು ಆಹಾರ ಕಾರ್ಖಾನೆಯಲ್ಲಿ ಕ್ಯೂಸಿ, ಅಂದರೆ ಗುಣಮಟ್ಟ ನೋಡುವ ಕೆಲಸದವನು. ಲೇಬಲ್ ಆರ್ಟ್‌ವರ್ಕ್ ಅಚ್ಚಿಗೆ ಹೋಗುವ ಮುಂಚೆ ನಮ್ಮ ಸಹಿ ಬೇಕು. ಅಡ್ಡಪ್ರಶ್ನೆ ಅವರೇ, ಒಳಗಿನಿಂದ ನೋಡಿದರೆ ಚಿತ್ರ ಬೇರೆಯೇ ಇದೆ.

ಮುಂಭಾಗ ಮಾರ್ಕೆಟಿಂಗ್‌ನವರದ್ದು, ಹಿಂಭಾಗ ನಮ್ಮದು. ಕಚೇರಿಯಲ್ಲೂ ಹಾಗೇ ಭಾಗ ಆಗಿರುತ್ತದೆ. ಮುಂಭಾಗಕ್ಕೆ ಜಾಗ, ಬಣ್ಣ, ಡಿಸೈನರ್ ಎಲ್ಲ ಇದೆ. ಹಿಂಭಾಗಕ್ಕೆ ಕಾನೂನು ಹೇಳಿದ ಕನಿಷ್ಠ ಅಕ್ಷರದ ಗಾತ್ರ. ಯುರೋಪಿನಲ್ಲಿ ಅದು ಸಣ್ಣ ಎಕ್ಸ್ ಅಕ್ಷರದ ಎತ್ತರ 1.2 ಮಿಲಿಮೀಟರ್. ಕನಿಷ್ಠ ಎಂದು ಬರೆದಿದ್ದನ್ನು ಎಲ್ಲರೂ ಗರಿಷ್ಠ ಎಂದೇ ಓದುತ್ತಾರೆ. ಹೀಗಿರುವಾಗ "ಓದಲಿಲ್ಲ" ಎಂದು ಕೊಳ್ಳುವವರನ್ನು ಬೈದರೆ ಹೇಗೆ?

ಪಟ್ಟಿ ಓದುವುದಕ್ಕೂ ಸ್ವಲ್ಪ ತಿಳಿವಳಿಕೆ ಬೇಕು. ಪದಾರ್ಥಗಳನ್ನು ತೂಕದ ಇಳಿಕೆ ಕ್ರಮದಲ್ಲಿ ಬರೆಯಬೇಕು. ಯಾವುದು ಜಾಸ್ತಿಯೋ ಅದು ಮೊದಲು. ಇದು ಕೋಡೆಕ್ಸ್ ನಿಯಮ. ವಿಶ್ವಸಂಸ್ಥೆಯ ಎಫ್‌ಎಒ (ಆಹಾರ ಮತ್ತು ಕೃಷಿ ಸಂಸ್ಥೆ) ಮತ್ತು ಡಬ್ಲ್ಯುಎಚ್‌ಒ (ವಿಶ್ವ ಆರೋಗ್ಯ ಸಂಸ್ಥೆ) ಸೇರಿ 1963ರಲ್ಲಿ ಮಾಡಿದ ಸಮಿತಿ ಕೋಡೆಕ್ಸ್. ಅದು ತಾನೇ ಕಾನೂನಲ್ಲ. ಆದರೆ ದೇಶಗಳು ತಮ್ಮ ಕಾನೂನು ಬರೆಯುವಾಗ ಅದನ್ನೇ ಮುಂದಿಟ್ಟುಕೊಳ್ಳುತ್ತವೆ. 1995ರಲ್ಲಿ ಡಬ್ಲ್ಯುಟಿಒ (ವಿಶ್ವ ವ್ಯಾಪಾರ ಸಂಸ್ಥೆ) ಬಂದ ಮೇಲೆ ವ್ಯಾಪಾರದ ಜಗಳಗಳಲ್ಲಿ ಅದಕ್ಕೆ ತೂಕವೂ ಬಂತು.

ಈಗ ತೂಕದ ಕ್ರಮದಲ್ಲಿ ಆಟ ಹೇಗೆ ಆಡುತ್ತಾರೆ ನೋಡಿ. ಧಾನ್ಯದ ಒಂದು ತಿಂಡಿಯಲ್ಲಿ ಸಕ್ಕರೆಯನ್ನು ಒಂದೇ ಹೆಸರಲ್ಲಿ ಹಾಕಿದರೆ ಅದು ಪಟ್ಟಿಯ ತಲೆಯಲ್ಲಿ ಬರುತ್ತದೆ. ಅದನ್ನೇ ಸಕ್ಕರೆ, ಗ್ಲೂಕೋಸ್ ಸಿರಪ್, ಡೆಕ್ಸ್ಟ್ರೋಸ್, ಹಣ್ಣಿನ ಸಾಂದ್ರ ರಸ ಎಂದು ಹಂಚಿದರೆ ಒಂದೊಂದೂ ಕೆಳಗೆ ಇಳಿಯುತ್ತದೆ. ಧಾನ್ಯ ಮೇಲೆ ಬಂದು ಕೂರುತ್ತದೆ. ಪ್ರತಿ ಹೆಸರೂ ನಿಜ, ಕ್ರಮವೂ ನಿಜ. ಓದಿದವರಿಗೂ ತಪ್ಪು ಚಿತ್ರವೇ ಸಿಗುತ್ತದೆ.

ಇದಕ್ಕೆ ಒಂದು ಒಳ್ಳೆಯ ಮದ್ದು ಯುರೋಪಿನಲ್ಲೂ ಕೋಡೆಕ್ಸ್‌ನಲ್ಲೂ ಇದೆ. ಹೆಸರಲ್ಲೋ ಚಿತ್ರದಲ್ಲೋ ಯಾವ ಪದಾರ್ಥಕ್ಕೆ ಒತ್ತು ಕೊಡುತ್ತೀರೋ ಅದರ ಶೇಕಡಾ ಪ್ರಮಾಣ ಬರೆಯಬೇಕು. ದಾಳಿಂಬೆ ಎಂದು ಕೂಗಿದರೆ ಪಕ್ಕದಲ್ಲಿ 0.3% ಎಂದೂ ಬರೆಯಬೇಕು. ಈ ಸಂಖ್ಯೆ ಬಂದ ಕೂಡಲೇ ಮಾರ್ಕೆಟಿಂಗ್‌ನವರ ಉತ್ಸಾಹ ಅರ್ಧ ಇಳಿಯುತ್ತದೆ, ನಾನೇ ನೋಡಿದ್ದೇನೆ.

ಸುಮ್ನೆಓದುವವ:
ಸಂಖ್ಯೆಯನ್ನೂ ಪೂರ್ತಿ ನಂಬಬೇಡಿ ಸರ್. ಅಮೆರಿಕದಲ್ಲಿ ಒಂದು ಸರ್ವಿಂಗ್‌ನಲ್ಲಿ (ಒಂದು ಸಲಕ್ಕೆ ಇಷ್ಟು ಎಂದು ಲೇಬಲ್ ಲೆಕ್ಕ ಹಿಡಿಯುವ ಪ್ರಮಾಣ) ಸಕ್ಕರೆ ಅಥವಾ ಕೊಬ್ಬು 0.5 ಗ್ರಾಂಗಿಂತ ಕಡಿಮೆ ಇದ್ದರೆ 0 ಎಂದು ಬರೆಯಬಹುದು. ಒಂದು ಟಿಕ್ ಟ್ಯಾಕ್ ಮಿಂಟ್ ತೂಕವೇ 0.49 ಗ್ರಾಂ. ಸರ್ವಿಂಗ್ ಎಂದರೆ ಒಂದು ಮಿಂಟ್. ಬಹುಪಾಲು ಸಕ್ಕರೆಯೇ ಆದರೂ ಕೋಷ್ಟಕದಲ್ಲಿ ಸಕ್ಕರೆ 0 ಗ್ರಾಂ! ಅಡುಗೆ ಎಣ್ಣೆ ಸ್ಪ್ರೇ ಡಬ್ಬಿಗಳದ್ದೂ ಇದೇ ಕತೆ. ಡಬ್ಬಿ ತುಂಬ ಎಣ್ಣೆ, ಸರ್ವಿಂಗ್ ಮಾತ್ರ ಸೆಕೆಂಡಿನ ಕಾಲು ಭಾಗ ಒತ್ತಿದಷ್ಟು, ಹಾಗಾಗಿ ಕೊಬ್ಬು 0.

ಯುರೋಪಿನಲ್ಲಿ ಹೀಗೆ ಆಡೋಕೆ ಕಷ್ಟ. ಅಲ್ಲಿ 100 ಗ್ರಾಂ ಅಥವಾ 100 ಮಿಲಿಗೆ ಎಷ್ಟು ಎಂದು ಬರೆಯಲೇಬೇಕು. ಎರಡು ಪ್ಯಾಕೆಟ್ ಪಕ್ಕಪಕ್ಕ ಇಟ್ಟು ಹೋಲಿಸಬಹುದು.

ಗುಣಪರೀಕ್ಷೆ:
ಸರಿಯಾಗಿ ಹೇಳಿದಿರಿ. ಇನ್ನೂ ಒಂದು ಸೇರಿಸುತ್ತೇನೆ. ಲೇಬಲ್‌ನ ಸಂಖ್ಯೆಗೂ ಲ್ಯಾಬ್‌ನ ಸಂಖ್ಯೆಗೂ ಸ್ವಲ್ಪ ವ್ಯತ್ಯಾಸವನ್ನು ಕಾನೂನೇ ಒಪ್ಪುತ್ತದೆ. ಎಫ್‌ಡಿಎ ಲೆಕ್ಕದಲ್ಲಿ ಕ್ಯಾಲೊರಿ, ಸಕ್ಕರೆ, ಕೊಬ್ಬು ಬರೆದಿದ್ದಕ್ಕಿಂತ 20% ತನಕ ಜಾಸ್ತಿ ಇದ್ದರೂ ನಡೆಯುತ್ತದೆ. ಇದರಲ್ಲಿ ಮೋಸ ಏನಿಲ್ಲ. ಬೆಳೆ ಬದಲಾಗುತ್ತದೆ, ಬ್ಯಾಚ್ ಬದಲಾಗುತ್ತದೆ. ಆದರೆ ಕ್ಯಾಲೊರಿಯನ್ನು ಒಂದೊಂದಾಗಿ ಎಣಿಸಿ ತಿನ್ನುವವರು ಇದನ್ನು ತಿಳಿದಿರಲಿ.

ಹಳೇಕಡತ:
ಇಲ್ಲಿ ಎಲ್ಲರೂ ಈಗಿನ ಕೇಸುಗಳನ್ನು ಹೇಳುತ್ತಿದ್ದೀರಿ. "ಸುಳ್ಳಿಲ್ಲ, ಆದರೂ ಮೋಸ" ಎಂಬುದು ನೂರು ವರ್ಷದ ಹಳೇ ಸಮಸ್ಯೆ. ನನಗೆ ಇಷ್ಟವಾದ ಉದಾಹರಣೆ ಬ್ರೆಡ್-ಸ್ಪ್ರೆಡ್.

ಅಮೆರಿಕ 1906ರಲ್ಲಿ ಮೊದಲ ದೊಡ್ಡ ಆಹಾರ ಕಾನೂನು ಮಾಡಿತು. ಹಾರ್ವಿ ವೈಲಿ ಎಂಬ ಸರ್ಕಾರಿ ರಸಾಯನ ವಿಜ್ಞಾನಿ ಅದರ ಹಿಂದಿನ ಶಕ್ತಿ. 1902ರಿಂದ ಆತ ಯುವಕರ ಒಂದು ತಂಡ ಕಟ್ಟಿ, ಬೋರಾಕ್ಸ್, ಫಾರ್ಮಾಲ್ಡಿಹೈಡ್‌ನಂಥ ಅಂದಿನ ಸಂರಕ್ಷಕಗಳನ್ನು ಅವರಿಗೆ ಊಟದಲ್ಲಿ ಕೊಟ್ಟು ಪರೀಕ್ಷೆ ಮಾಡಿದ. ಪತ್ರಿಕೆಗಳು ಅದಕ್ಕೆ ವಿಷದ ತಂಡ ಎಂದೇ ಹೆಸರಿಟ್ಟವು. ಈಗ ಯಾವ ನೈತಿಕ ಸಮಿತಿಯೂ ಇದನ್ನು ಒಪ್ಪುವುದಿಲ್ಲ, ಆ ಮಾತು ಬೇರೆ.

ಆ 1906ರ ಕಾನೂನಿನಲ್ಲಿ ಒಂದು ತೂತು ಇತ್ತು. ಕಲಬೆರಕೆ ಜಾಮ್ ಅನ್ನು ಜಾಮ್ ಎಂದು ಮಾರಿದರೆ ತಪ್ಪು. ಅದಕ್ಕೊಂದು ಹೊಸ ಹೆಸರು ಕೊಟ್ಟು ಮಾರಿದರೆ ತಪ್ಪಲ್ಲ! ಹೀಗೆ ಬಂದಿದ್ದು ಬ್ರೆಡ್-ಸ್ಪ್ರೆಡ್. ನೋಡಲು ಸ್ಟ್ರಾಬೆರಿ ಜಾಮ್ ತರಹ. ಒಳಗೆ ಸ್ಟ್ರಾಬೆರಿಯೇ ಇಲ್ಲ. ಕೃತಕ ಬಣ್ಣ, ಗಟ್ಟಿಯಾಗಲು ಹಾಕುವ ಪೆಕ್ಟಿನ್, ಕೃತಕ ರುಚಿ. ಹಣ್ಣಿನ ಬೀಜ ಕಾಣಲಿ ಎಂದು ಹುಲ್ಲಿನ ಬೀಜ. ಜಾಮ್ ಎಂದು ಎಲ್ಲೂ ಬರೆದಿರಲಿಲ್ಲ, ಹಾಗಾಗಿ ಅಧಿಕಾರಿಗಳ ಕೈ ಕಟ್ಟಿತ್ತು. ಇಂಥ ವಸ್ತುಗಳನ್ನೆಲ್ಲ ಸೇರಿಸಿ ಎಫ್‌ಡಿಎ 1930ರ ದಶಕದಲ್ಲಿ ಒಂದು ಪ್ರದರ್ಶನವನ್ನೇ ಇಟ್ಟಿತು. 1938ರಲ್ಲಿ ಹೊಸ ಕಾನೂನು ಬಂತು. ಒಂದು ಹೆಸರಿನಲ್ಲಿ ಮಾರಬೇಕಾದರೆ ಒಳಗೆ ಏನಿರಬೇಕು, ಎಷ್ಟಿರಬೇಕು ಎಂದು ಸರ್ಕಾರ ಗೊತ್ತುಮಾಡುವ ಅಧಿಕಾರ ಅದರಲ್ಲಿ ಸಿಕ್ಕಿತು.

ಆ ಅಧಿಕಾರ ಬಳಸುವುದೂ ಸುಲಭ ಆಗಲಿಲ್ಲ. ಪೀನಟ್ ಬಟರ್‌ನಲ್ಲಿ ಕಡಲೆಕಾಯಿ ಎಷ್ಟಿರಬೇಕು? ಸರ್ಕಾರ 90% ಎಂದಿತು, ಕಂಪನಿಗಳು 87% ಸಾಕು ಎಂದವು. ಈ ಮೂರು ಶೇಕಡಾ ಜಗಳ 1959ರಲ್ಲಿ ಶುರುವಾಗಿ ಮುಗಿಯಲು ಒಂದು ದಶಕಕ್ಕೂ ಜಾಸ್ತಿ ಹಿಡಿಯಿತು. 90% ಗೆದ್ದಿತು.

ಮೂಲೆಬೆಂಚು:
ಹುಲ್ಲಿನ ಬೀಜ! ಅದನ್ನು ಯೋಚಿಸಿದವನ ತಲೆಗೆ ನಮಸ್ಕಾರ.

ಹಾಗಾದರೆ ಹೆಸರೂ ಕಾನೂನಿನ ವಿಷಯವೇ. ಗಿಡಗಳಿಂದ ಮಾಡಿದ "ಹಾಲು" ಎಂಬ ಜಗಳ ಇದರ ಮುಂದುವರಿಕೆಯಾ?

ಕರಡುಪ್ರತಿ:
ಹೌದು. 2017ರಲ್ಲಿ ಯುರೋಪಿಯನ್ ನ್ಯಾಯಾಲಯ ಟೋಫುಟೌನ್ ಎಂಬ ಕಂಪನಿಯ ಕೇಸಿನಲ್ಲಿ ಹಾಲು, ಬೆಣ್ಣೆ, ಚೀಸ್ ಎಂಬ ಹೆಸರು ಪ್ರಾಣಿಗಳ ಹಾಲಿನಿಂದ ಬಂದಿದ್ದಕ್ಕೆ ಮಾತ್ರ ಎಂದಿತು. ಪಕ್ಕದಲ್ಲಿ ಸೋಯಾ ಎಂದು ಸ್ಪಷ್ಟವಾಗಿ ಬರೆದರೂ ಆಗದು. ತೆಂಗಿನ ಹಾಲು, ಪೀನಟ್ ಬಟರ್ ಥರದ ಹಳೇ ಹೆಸರುಗಳಿಗೆ ವಿನಾಯಿತಿ ಪಟ್ಟಿ ಇದೆ. ಮಾಂಸದ ವಿಷಯದಲ್ಲಿ ಅದೇ ನ್ಯಾಯಾಲಯದ ದಾರಿ ಬೇರೆ. ಸಸ್ಯಾಹಾರಿ "ಸ್ಟೇಕ್" (ಮಾಂಸದ ದಪ್ಪ ತುಂಡಿಗೆ ಹೇಳುವ ಪದ) ಎಂಬ ಹೆಸರನ್ನು ಫ್ರಾನ್ಸ್ ಸುಮ್ನೆ ನಿಷೇಧಿಸುವಂತಿಲ್ಲ ಎಂದು 2024ರ ಅಕ್ಟೋಬರ್‌ನಲ್ಲಿ ಹೇಳಿತು. ಹಾಲಿಗೆ ಕಾನೂನಿನಲ್ಲೇ ಬರೆದ ವ್ಯಾಖ್ಯೆ ಇತ್ತು, ಸ್ಟೇಕ್‌ಗೆ ಅಂಥದ್ದು ಇರಲಿಲ್ಲ. ವ್ಯತ್ಯಾಸ ಅಷ್ಟೇ. ಕೊಳ್ಳುವವರ ಗೊಂದಲಕ್ಕಿಂತ ಇಲ್ಲಿ ಡೈರಿ ಉದ್ಯಮದ ಹಳೇ ಬಲವೇ ಜಾಸ್ತಿ ಕೆಲಸ ಮಾಡಿದೆ ಎಂದು ನನ್ನ ಅಭಿಪ್ರಾಯ.

ಐರ್ಲೆಂಡ್‌ನಲ್ಲಿ ಇನ್ನೂ ತಮಾಷೆ. 2020ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಸಬ್‌ವೇ ಅಂಗಡಿಗಳ ಬ್ರೆಡ್ಡು ತೆರಿಗೆ ಕಾನೂನಿನ ಪ್ರಕಾರ ಬ್ರೆಡ್ಡೇ ಅಲ್ಲ ಎಂದಿತು. ಹಿಟ್ಟಿನ ತೂಕದ 2% ತನಕ ಸಕ್ಕರೆ ಇರಬಹುದು, ಇದರಲ್ಲಿ 10% ಇತ್ತು.

ಪುಟ್ಟಿಅಮ್ಮ:
ನಾನು ಬೇರೆ ಕಡೆಯಿಂದ ಬರುತ್ತೇನೆ. ನನ್ನ ಮಗಳಿಗೆ ಕಡಲೆಕಾಯಿ ಅಲರ್ಜಿ ಇದೆ. ನೀವೆಲ್ಲ ಹಣ್ಣಿನ ಚಿತ್ರ, ಸಕ್ಕರೆ ಎಂದು ಮಾತಾಡುತ್ತಿದ್ದೀರಿ. ನಮಗೆ ಲೇಬಲ್ ಅಂದರೆ ಆಸ್ಪತ್ರೆಗೆ ಹೋಗಬೇಕೋ ಬೇಡವೋ ಎಂಬ ಪ್ರಶ್ನೆ. ಒಂದೇ ಬಿಸ್ಕತ್ತನ್ನು ಪ್ರತಿ ಸಲ ಕೊಳ್ಳುವಾಗಲೂ ಮತ್ತೆ ಓದುತ್ತೇನೆ, ಯಾಕಂದರೆ ರೆಸಿಪಿ ಯಾವಾಗ ಬದಲಾಯಿಸುತ್ತಾರೋ ಗೊತ್ತಾಗುವುದಿಲ್ಲ.

ನನ್ನ ತಲೆನೋವು "ಕಡಲೆಕಾಯಿಯ ಅಂಶ ಇರಬಹುದು" ಎಂಬ ಸಾಲು. ಎಲ್ಲದರ ಮೇಲೂ ಅದೇ. ಇದೆ ಅಂದರೆ ಬಿಡುತ್ತೇನೆ, ಇಲ್ಲ ಅಂದರೆ ಕೊಡುತ್ತೇನೆ. "ಇರಬಹುದು" ಎಂದರೆ ನಾನೇನು ಮಾಡಲಿ?

ಗುಣಪರೀಕ್ಷೆ:
ಮೇಡಂ, ಆ ಸಾಲಿನ ಗುಟ್ಟು ಹೇಳುತ್ತೇನೆ. ಬೇಕೆಂದೇ ಹಾಕಿದ ಅಲರ್ಜಿ ಪದಾರ್ಥವನ್ನು ಬರೆಯುವುದು ಕಡ್ಡಾಯ. ಯುರೋಪಿನಲ್ಲಿ ಅಂಥವು 14, ಅಮೆರಿಕದಲ್ಲಿ 9. "ಇರಬಹುದು" ಎಂಬುದು ಬಹುತೇಕ ದೇಶಗಳಲ್ಲಿ ಐಚ್ಛಿಕ. ಎಷ್ಟು ಅಪಾಯ ಇದ್ದರೆ ಬರೆಯಬೇಕು ಎಂಬ ಒಂದೇ ಅಳತೆ ಇಲ್ಲ. ಒಬ್ಬ ನಿಜವಾದ ಅಪಾಯ ಲೆಕ್ಕ ಹಾಕಿ ಬರೆಯುತ್ತಾನೆ, ಇನ್ನೊಬ್ಬ ವಕೀಲರ ಸಲಹೆ ಎಂದು ಎಲ್ಲದಕ್ಕೂ ಬರೆಯುತ್ತಾನೆ. ಹೊರಗಿನಿಂದ ನೋಡುವವರಿಗೆ ಎರಡೂ ಒಂದೇ. ಇನ್ನೊಂದು ಮಾತು, ಆ ಸಾಲು ಇಲ್ಲ ಎಂದ ಮಾತ್ರಕ್ಕೆ ಅಪಾಯ ಇಲ್ಲ ಎಂದೂ ಅಲ್ಲ. ಕಂಪನಿಗೆ ಫೋನ್ ಮಾಡಿ "ಅದೇ ಲೈನಿನಲ್ಲಿ ಕಡಲೆಕಾಯಿ ಓಡಿಸುತ್ತೀರಾ" ಎಂದು ಕೇಳುವುದು ಒಳ್ಳೆಯದು. ಲೈನ್ ಎಂದರೆ ತಯಾರಿಕೆಯ ಯಂತ್ರಗಳ ಸಾಲು. ಲೈನ್ ಎಂಬ ಪದವನ್ನೇ ಬಳಸಿ, ಆಗ ಸರಿಯಾದ ಜನಕ್ಕೆ ಕನೆಕ್ಟ್ ಮಾಡುತ್ತಾರೆ.

ಹಳೇಕಡತ:
ಅಲರ್ಜಿ ಕಾನೂನು ಹೇಗೆ ತಿರುಗುಬಾಣ ಆಗುತ್ತದೆ ಎಂಬುದಕ್ಕೆ ಎಳ್ಳಿನ ಕತೆ ಕೇಳಿ. ಅಮೆರಿಕ 2021ರಲ್ಲಿ ಎಳ್ಳನ್ನು ಒಂಬತ್ತನೇ ಅಲರ್ಜಿ ಪದಾರ್ಥ ಎಂದು ಸೇರಿಸಿತು, 2023ರ ಜನವರಿ 1ರಿಂದ ಜಾರಿ. ಉದ್ದೇಶ ಒಳ್ಳೆಯದೇ. ಆದರೆ ಒಂದೇ ಬೇಕರಿಯಲ್ಲಿ ಎಳ್ಳು ಇರುವ ಬನ್ನು, ಇಲ್ಲದ ಬನ್ನು ಎರಡನ್ನೂ ಮಾಡುವಾಗ ಯಂತ್ರಗಳನ್ನು ಪೂರ್ತಿ ಶುದ್ಧ ಮಾಡುವುದು ಕಷ್ಟ, ಖರ್ಚು ಜಾಸ್ತಿ. ಕೆಲವು ದೊಡ್ಡ ಬೇಕರಿಗಳು ಏನು ಮಾಡಿದವು ಗೊತ್ತಾ? ಎಲ್ಲದಕ್ಕೂ ಬೇಕೆಂದೇ ಸ್ವಲ್ಪ ಎಳ್ಳಿನ ಹಿಟ್ಟು ಹಾಕಿ, ಲೇಬಲ್ ಮೇಲೆ "ಎಳ್ಳು ಇದೆ" ಎಂದು ಬರೆದವು. ಕಾನೂನು ಪಾಲನೆ ಆಯಿತು. ಎಳ್ಳು ಅಲರ್ಜಿ ಇದ್ದವರು ಹಿಂದೆ ತಿನ್ನುತ್ತಿದ್ದ ಬ್ರೆಡ್ಡೂ ಕೈತಪ್ಪಿತು.

ಪುಟ್ಟಿಅಮ್ಮ:
ಇದನ್ನು ಓದಿ ಸಿಟ್ಟು ಬಂತು. ಆದರೂ "ಇರಬಹುದು" ಎಂಬುದಕ್ಕಿಂತ "ಇದೆ" ಎಂಬುದೇ ವಾಸಿ. ಲೈನ್ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್.

ಒಂದು ಒಳ್ಳೆಯ ಬದಲಾವಣೆಯನ್ನೂ ಹೇಳುತ್ತೇನೆ. ಬ್ರಿಟನ್ನಿನಲ್ಲಿ ಅಂಗಡಿಯಲ್ಲೇ ತಯಾರಿಸಿ ಪ್ಯಾಕ್ ಮಾಡಿಟ್ಟ ತಿಂಡಿಗೆ ಮೊದಲು ಪೂರ್ತಿ ಪಟ್ಟಿ ಬೇಕಿರಲಿಲ್ಲ. 2016ರಲ್ಲಿ 15 ವರ್ಷದ ಹುಡುಗಿಯೊಬ್ಬಳು ಅಂಥದ್ದೇ ಬ್ರೆಡ್ಡಿನಲ್ಲಿದ್ದ ಎಳ್ಳಿನಿಂದ ತೀರಿಕೊಂಡಳು. ಅವಳ ಅಪ್ಪ ಅಮ್ಮ ಹೋರಾಡಿ ಕಾನೂನು ಬದಲಾಯಿಸಿದರು. 2021ರ ಅಕ್ಟೋಬರ್‌ನಿಂದ ಅದು ಜಾರಿಯಲ್ಲಿದೆ, ನತಾಶಾ ಕಾನೂನು ಎಂದೇ ಕರೆಯುತ್ತಾರೆ.

ಅಡ್ಡಪ್ರಶ್ನೆ:
ಅಲರ್ಜಿ ವಿಷಯದಲ್ಲಿ ನನ್ನ ತಕರಾರಿಲ್ಲ. ಅದು ಪ್ರಾಣದ ವಿಷಯ. ನನ್ನ ತಕರಾರು ಏನು ತಿನ್ನಬೇಕು ಎಂದು ಹೇಳಲು ಬರುವ ಲೇಬಲ್‌ಗಳ ಬಗ್ಗೆ. ಎಚ್ಚರಿಕೆ ಮುದ್ರೆ, ಕೆಂಪು ಹಸಿರು ಬಣ್ಣ, ಅಂಕಪಟ್ಟಿ. ದೊಡ್ಡವರು ತಮಗೆ ಬೇಕಾದ್ದನ್ನು ತಿನ್ನಲಿ ಬಿಡಿ. ಅಷ್ಟಕ್ಕೂ ಅವು ಕೆಲಸ ಮಾಡುತ್ತವಾ?

ಓದಿನಮನೆ:
ಕೆಲಸ ಮಾಡುತ್ತವೆ, ಆದರೆ ನೀವು ಅಂದುಕೊಂಡ ಜಾಗದಲ್ಲಿ ಅಲ್ಲ. ಪೋಷಣೆ ವಿಷಯ ಓದಿದವಳು ನಾನು, ಸ್ವಲ್ಪ ಉದ್ದ ಆಗುತ್ತದೆ.

ಚಿಲಿ ದೇಶ ನೋಡಿ. 2012ರಲ್ಲಿ ಕಾನೂನು, 2016ರ ಜೂನ್‌ನಲ್ಲಿ ಜಾರಿ. ಸಕ್ಕರೆ, ಉಪ್ಪು, ಸ್ಯಾಚುರೇಟೆಡ್ ಕೊಬ್ಬು, ಕ್ಯಾಲೊರಿ ಮಿತಿ ಮೀರಿದರೆ ಮುಂಭಾಗದಲ್ಲೇ ಎಂಟು ಮೂಲೆಯ ಕಪ್ಪು ಮುದ್ರೆ. "ಸಕ್ಕರೆ ಜಾಸ್ತಿ", "ಉಪ್ಪು ಜಾಸ್ತಿ" ಎಂದು ನೇರ ಮಾತು. 2019ರಿಂದ ಇರುವ ಕೊನೆಯ ಮಿತಿ 100 ಗ್ರಾಂಗೆ ಸಕ್ಕರೆ 10 ಗ್ರಾಂ, ಸೋಡಿಯಂ 400 ಮಿಲಿಗ್ರಾಂ. ಮುದ್ರೆ ಬಿದ್ದ ತಿಂಡಿಯನ್ನು ಶಾಲೆಯಲ್ಲಿ ಮಾರುವಂತಿಲ್ಲ, ಪ್ಯಾಕೆಟ್ ಮೇಲೆ ಕಾರ್ಟೂನ್ ಹಾಕುವಂತಿಲ್ಲ. ಸೀರಿಯಲ್ ಡಬ್ಬಿಗಳ ಮೇಲಿದ್ದ ಹುಲಿಯೂ ಮಾಯವಾಯಿತು. ಮುದ್ರೆ ಬಿದ್ದ ಸಿಹಿ ಪಾನೀಯಗಳ ಖರೀದಿ ಮೊದಲ ಹಂತದಲ್ಲೇ ಸುಮಾರು ಕಾಲು ಭಾಗ ಇಳಿಯಿತು. ಮುದ್ರೆಯಿಂದ ಎಷ್ಟು, ಜಾಹೀರಾತು ನಿಷೇಧದಿಂದ ಎಷ್ಟು ಎಂದು ಬೇರೆ ಮಾಡಿ ಹೇಳುವುದು ಕಷ್ಟ. ಎರಡೂ ಒಟ್ಟಿಗೇ ಬಂದವು.

ಆದರೆ ನನಗೆ ಮುಖ್ಯ ಅನಿಸುವುದು ಇನ್ನೊಂದು. ಮುದ್ರೆಗೆ ಹೆದರಿ ಕಂಪನಿಗಳು ರೆಸಿಪಿಯನ್ನೇ ಬದಲಾಯಿಸಿದವು. ಮಿತಿಗಿಂತ ಸ್ವಲ್ಪ ಕೆಳಗೆ ಸಕ್ಕರೆ, ಉಪ್ಪು ಇಳಿಸಿದವು. ಲೇಬಲ್ ಓದದವರಿಗೂ ಇದರ ಲಾಭ ಸಿಗುತ್ತದೆ, ಅಲ್ವಾ? ಇದು ಹೊಸದೇನಲ್ಲ. ಯುರೋಪಿನಲ್ಲಿ 2010ರಿಂದ ಆರು ಕೃತಕ ಬಣ್ಣಗಳಿಗೆ "ಮಕ್ಕಳ ಚಟುವಟಿಕೆ ಮತ್ತು ಗಮನದ ಮೇಲೆ ಕೆಟ್ಟ ಪರಿಣಾಮ ಆಗಬಹುದು" ಎಂಬ ಸಾಲು ಕಡ್ಡಾಯ ಆಯಿತು. ಬಣ್ಣ ನಿಷೇಧ ಆಗಿಲ್ಲ. ಆದರೂ ಆ ಸಾಲು ಇರುವ ಪ್ಯಾಕೆಟ್ ಸಿಗುವುದೇ ಅಪರೂಪ, ಯಾಕಂದರೆ ಅಚ್ಚು ಹಾಕಿಸುವ ಬದಲು ಬಣ್ಣವನ್ನೇ ಬಿಟ್ಟರು. ಹಾಗಾಗಿ ಅಡ್ಡಪ್ರಶ್ನೆ ಅವರೇ, ಮುದ್ರೆ ನಿಮಗೆ ಉಪದೇಶ ಮಾಡೋಕೆ ಬಂದಿದ್ದಲ್ಲ. ಅದು ನೋಡುವುದು ಕಾರ್ಖಾನೆ ಕಡೆಗೆ.

ಇದರ ಇನ್ನೊಂದು ಮುಖ: ಸಕ್ಕರೆ ಇಳಿಸಿದವರು ಸುಮ್ನೆ ಇಳಿಸಲಿಲ್ಲ. ಚಿಲಿಯಲ್ಲಿ ಸಕ್ಕರೆಯಲ್ಲದ ಸಿಹಿಕಾರಕಗಳ ಬಳಕೆ ಜಾಸ್ತಿಯಾಯಿತು. ಅದನ್ನು ನೋಡಿಯೇ ಮೆಕ್ಸಿಕೊ 2020ರಲ್ಲಿ ಮುದ್ರೆ ತಂದಾಗ "ಸಿಹಿಕಾರಕ ಇದೆ, ಮಕ್ಕಳಿಗೆ ಸಲ್ಲದು" ಎಂಬ ಸಾಲನ್ನೂ ಸೇರಿಸಿತು.

ಅಡ್ಡಪ್ರಶ್ನೆ:
ಕಾರ್ಖಾನೆ ಕಡೆ ನೋಡುತ್ತದೆ ಎಂಬ ಮಾತು ಒಪ್ಪುವಂಥದ್ದೇ. ಆದರೆ ಅಂಕಪಟ್ಟಿಯ ಕತೆ? ಫ್ರಾನ್ಸ್ 2017ರಲ್ಲಿ ತಂದ ನ್ಯೂಟ್ರಿ-ಸ್ಕೋರ್‌ನಲ್ಲಿ ಎ ಯಿಂದ ಇ ತನಕ ಅಕ್ಷರ ಕೊಡುತ್ತಾರೆ. ತಲೆತಲಾಂತರದ ಚೀಸ್‌ಗೆ ಡಿ, ಸಿಹಿಕಾರಕ ಹಾಕಿದ ಕೋಲಾಕ್ಕೆ ಬಿ ಬಂದಿತ್ತು. ಇಟಲಿ ಸಿಟ್ಟಾಗದೆ ಇರುತ್ತದಾ?

ಓದಿನಮನೆ:
ಆ ಟೀಕೆಯಲ್ಲಿ ಹುರುಳಿದೆ. ಅದಕ್ಕೇ ಲೆಕ್ಕದ ಸೂತ್ರವನ್ನು ಆಮೇಲೆ ತಿದ್ದಿದರು, ಸಿಹಿಕಾರಕದ ಪಾನೀಯಗಳ ಅಂಕ ಇಳಿಯಿತು. ಅಂದಹಾಗೆ ಅದು ಕಡ್ಡಾಯ ಅಲ್ಲ, ಕಂಪನಿಯ ಇಷ್ಟ. ಕೆಟ್ಟ ಅಕ್ಷರ ಬರುವವರು ಹಾಕುವುದೇ ಇಲ್ಲ. ಐಚ್ಛಿಕ ಲೇಬಲ್‌ಗಳ ದೊಡ್ಡ ದೋಷ ಅದು. ಎಚ್ಚರಿಕೆ ಮುದ್ರೆ ನನಗೆ ಹಿಡಿಸುವುದು ಈ ಕಾರಣಕ್ಕೇ. ಅದು ಒಳ್ಳೆಯದು ಕೆಟ್ಟದ್ದು ಎಂದು ಸರಾಸರಿ ಹಾಕುವುದಿಲ್ಲ. ಯಾವುದು ಜಾಸ್ತಿ ಎಂದಷ್ಟೇ ಹೇಳುತ್ತದೆ.

ನಿರ್ವಾಹಕ:
ಬ್ರ್ಯಾಂಡ್‌ಗಳಿಗೆ ಬೈಯುವ ಎರಡು ಪೋಸ್ಟ್ ತೆಗೆದಿದ್ದೇನೆ. ಕೋರ್ಟಿನ ದಾಖಲೆಯಲ್ಲಿ ಇರುವುದನ್ನು ಬರೆಯಿರಿ, ಸಿಟ್ಟಿನದ್ದು ಬೇಡ. ಚರ್ಚೆ ಚೆನ್ನಾಗಿದೆ, ಮುಂದುವರಿಸಿ.

ಸುಮ್ನೆಓದುವವ:
"ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ", "ಹೃದಯಕ್ಕೆ ಒಳ್ಳೆಯದು" ಇವುಗಳ ಬಗ್ಗೆ ಯಾರೂ ಹೇಳಲೇ ಇಲ್ಲವಲ್ಲ. ಇದಕ್ಕೆಲ್ಲ ಪುರಾವೆ ಕೇಳುತ್ತಾರಾ?

ಕರಡುಪ್ರತಿ:
ಯುರೋಪ್ ಕೇಳುತ್ತದೆ, ಅದೂ ಮೊದಲೇ. 2006ರ ಕಾನೂನಿನ ಪ್ರಕಾರ ಆರೋಗ್ಯದ ಮಾತು ಏನೇ ಹೇಳಬೇಕಾದರೂ ಅನುಮತಿ ಪಡೆದ ಪಟ್ಟಿಯಲ್ಲಿ ಅದು ಇರಬೇಕು. ಸದಸ್ಯ ದೇಶಗಳಿಂದ ಸುಮಾರು 44,000 ಮಾತುಗಳು ಬಂದವು. ಒಂದೇ ಥರದವನ್ನು ಸೇರಿಸಿ ಸುಮಾರು 4,600ಕ್ಕೆ ಇಳಿಸಿದರು. ವಿಜ್ಞಾನಿಗಳು ಪರಿಶೀಲಿಸಿದ ಮೇಲೆ 2012ರಲ್ಲಿ ಹೊರಟ ಪಟ್ಟಿಯಲ್ಲಿ ಉಳಿದದ್ದು 222. ಪ್ರೊಬಯಾಟಿಕ್ (ಹೊಟ್ಟೆಗೆ ಒಳ್ಳೆಯದು ಎನ್ನುವ ಜೀವಂತ ಸೂಕ್ಷ್ಮಾಣುಗಳು) ಎಂಬ ಪದವೇ ಆರೋಗ್ಯದ ಹೇಳಿಕೆ ಎಂದು ಲೆಕ್ಕಕ್ಕೆ ಬಂತು, ಮೊಸರಿನ ಜಾಹೀರಾತುಗಳು ರಾತ್ರೋರಾತ್ರಿ ಬದಲಾದವು.

2011ರಲ್ಲಿ ನೀರಿನ ಬಗ್ಗೆ ನಡೆದ ಗಲಾಟೆಯನ್ನು ಬಿಡೋಕೆ ಮನಸ್ಸಿಲ್ಲ. ಇಬ್ಬರು ಜರ್ಮನ್ ಪ್ರೊಫೆಸರ್‌ಗಳು "ಸಾಕಷ್ಟು ನೀರು ಕುಡಿದರೆ ನಿರ್ಜಲೀಕರಣದ ಅಪಾಯ ಕಡಿಮೆ" ಎಂದು ಬರೆಯಲು ಅನುಮತಿ ಕೇಳಿದರು. ಸಿಗಲಿಲ್ಲ! ಪತ್ರಿಕೆಗಳು ಕುಣಿದಾಡಿದವು. ಕಾರಣ ಮಾತ್ರ ಪೂರ್ತಿ ಕಾನೂನಿನದ್ದು. ರೋಗದ ಅಪಾಯ ತಗ್ಗಿಸುತ್ತದೆ ಎನ್ನಬೇಕಾದರೆ, ರೋಗಕ್ಕೆ ದಾರಿ ಮಾಡುವ ಒಂದು ಅಂಶವನ್ನು ಇದು ತಗ್ಗಿಸುತ್ತದೆ ಎಂದು ತೋರಿಸಬೇಕು. ಅರ್ಜಿಯಲ್ಲಿ ತೋರಿಸಿದ್ದು ದೇಹದ ನೀರು ಕಡಿಮೆಯಾಗುವುದನ್ನು, ಅಂದರೆ ಆ ತೊಂದರೆಯನ್ನೇ. ಅರ್ಜಿ ಬರೆದ ರೀತಿಗೆ ಬಿದ್ದ ಏಟು ಅದು, ನೀರಿಗಲ್ಲ.

ಅಮೆರಿಕದಲ್ಲಿ ಸಡಿಲ. ಸಪ್ಲಿಮೆಂಟ್‌ಗಳಿಗೆ 1994ರ ಕಾನೂನಿನಿಂದ "ಮೂಳೆಗೆ ಬಲ" ಥರದ ಮಾತು ಹೇಳಬಹುದು, ರೋಗದ ಹೆಸರು ಎತ್ತುವಂತಿಲ್ಲ. ಜೊತೆಗೆ "ಎಫ್‌ಡಿಎ ಇದನ್ನು ಪರಿಶೀಲಿಸಿಲ್ಲ" ಎಂದು ಸೇರಿಸಬೇಕು. ಆ ಸಾಲಿನ ಅಕ್ಷರ ಎಷ್ಟು ದೊಡ್ಡದಿರುತ್ತದೆ ಎಂದು ಹೇಳಬೇಕಿಲ್ಲ.

ಓದಿನಮನೆ:
ಅಲ್ಲಿ "ಹೆಲ್ದಿ" ಎಂದು ಬರೆಯಲೂ ಅಳತೆ ಇದೆ. ಹಳೇ ಅಳತೆ ಕೊಬ್ಬನ್ನು ನೋಡುತ್ತಿತ್ತು, ಸೇರಿಸಿದ ಸಕ್ಕರೆಯನ್ನು ನೋಡುತ್ತಿರಲಿಲ್ಲ. ಹಾಗಾಗಿ ಸಕ್ಕರೆ ತುಂಬಿದ ಕೆಲವು ಸೀರಿಯಲ್ ಹೆಲ್ದಿ ಎನಿಸಿಕೊಂಡವು, ಬಾದಾಮಿ, ಸಾಲ್ಮನ್ ಮೀನು ಎನಿಸಿಕೊಳ್ಳಲಿಲ್ಲ. 2024ರ ಡಿಸೆಂಬರ್‌ನಲ್ಲಿ ಬಂದ ಹೊಸ ನಿಯಮ ಅದನ್ನು ತಿರುಗಿಸಿತು.

ಹಳೇಕಡತ:
ಇಷ್ಟೆಲ್ಲ ಬರೆಯಬಹುದು, ಪರೀಕ್ಷೆ ಮಾಡುವವರು ಇಲ್ಲದಿದ್ದರೆ ಎಲ್ಲ ಕಾಗದ. 2013ರಲ್ಲಿ ಐರ್ಲೆಂಡ್‌ನ ಆಹಾರ ಸುರಕ್ಷಾ ಸಂಸ್ಥೆ ಬೀಫ್ ಬರ್ಗರ್‌ಗಳ ಡಿಎನ್‌ಎ ಪರೀಕ್ಷೆಯ ಫಲಿತಾಂಶ ಪ್ರಕಟಿಸಿತು. ಒಂದರಲ್ಲಿ ಮಾಂಸದ ಭಾಗದ 29% ಕುದುರೆಯದ್ದು. ಯುರೋಪಿನ ಅಷ್ಟೂ ಕಟ್ಟುನಿಟ್ಟಿನ ಲೇಬಲ್ ಕಾನೂನಿನ ಮೂಗಿನ ಕೆಳಗೇ ನಡೆದಿದ್ದು ಅದು. 2008ರ ಚೀನಾದ ಮೆಲಮೈನ್ ಪ್ರಕರಣ ಇನ್ನೂ ಘೋರ. ಹಾಲಿನ ಪ್ರೋಟೀನನ್ನು ನೈಟ್ರೋಜನ್ ಲೆಕ್ಕದಲ್ಲಿ ಅಳೆಯುತ್ತಿದ್ದರು. ನೀರು ಬೆರೆಸಿದ ಹಾಲಿಗೆ ನೈಟ್ರೋಜನ್ ತುಂಬಿದ, ಪ್ಲಾಸ್ಟಿಕ್ ತಯಾರಿಕೆಗೆ ಬಳಸುವ ಮೆಲಮೈನ್ ಎಂಬ ರಾಸಾಯನಿಕ ಹಾಕಿದರು, ಪರೀಕ್ಷೆ ಪಾಸಾಯಿತು. ಸುಮಾರು 3 ಲಕ್ಷ ಶಿಶುಗಳು ಕಾಯಿಲೆ ಬಿದ್ದವು, ಆರು ಸತ್ತವು. ಪರೀಕ್ಷೆ ಯಾವುದನ್ನು ಅಳೆಯುತ್ತದೆ ಎಂಬುದು ಕೆಡಿಸುವವರಿಗೂ ಗೊತ್ತಿರುತ್ತದೆ.

ಮೂಲೆಬೆಂಚು:
ಇಷ್ಟು ಉತ್ತರ ಬರುತ್ತದೆ ಎಂದುಕೊಂಡಿರಲಿಲ್ಲ. ಈಗ ಒಂದು ಕಡೆಯ ಪ್ರಶ್ನೆ. ನಾನು ಈಚೆಗೆ ಬಹಳಷ್ಟನ್ನು ಫೋನಿನಲ್ಲೇ ಆರ್ಡರ್ ಮಾಡುತ್ತೇನೆ. ಅಲ್ಲಿ ಮುಂಭಾಗದ ಫೋಟೋ ಒಂದೇ ಇರುತ್ತದೆ. ತಿರುಗಿಸಿ ನೋಡಲು ಹಿಂಭಾಗವೇ ಇಲ್ಲ. ಇದಕ್ಕೆ ಕಾನೂನು ಏನಾದರೂ ಇದೆಯಾ?

ಕರಡುಪ್ರತಿ:
ಯುರೋಪಿನಲ್ಲಿ ಇದೆ. 2011ರ ಲೇಬಲ್ ಕಾನೂನಿನಲ್ಲೇ ಇದೆ, ಜಾರಿಗೆ ಬಂದಿದ್ದು 2014ರ ಡಿಸೆಂಬರ್‌ನಲ್ಲಿ. ದೂರದಿಂದ ಮಾರುವಾಗ ಕಡ್ಡಾಯ ಮಾಹಿತಿ ಅಷ್ಟೂ ಹಣ ಕೊಡುವ ಮುಂಚೆಯೇ ಸಿಗಬೇಕು. ಪದಾರ್ಥ, ಅಲರ್ಜಿ, ಪೋಷಣೆ ಕೋಷ್ಟಕ ಎಲ್ಲ. ಒಂದು ಬಿಟ್ಟು: ಎಷ್ಟು ದಿನದೊಳಗೆ ಬಳಸಬೇಕು ಎಂಬ ತಾರೀಖು. ಅದನ್ನು ಪ್ಯಾಕೆಟ್ ಕೈಗೆ ಕೊಡುವಾಗ ತೋರಿಸಿದರೆ ಸಾಕು.

ಪುಟ್ಟಿಅಮ್ಮ:
ನಾನು ಮೊದಲು ಹುಡುಕುವುದೇ ತಾರೀಖು!

ಗುಣಪರೀಕ್ಷೆ:
ಗೋದಾಮಿನಲ್ಲಿ ಬೇರೆ ಬೇರೆ ಬ್ಯಾಚ್ ಒಟ್ಟಿಗೆ ಇರುತ್ತವೆ ಮೇಡಂ. ನೀವು ಒತ್ತಿದ ಆರ್ಡರ್‌ಗೆ ಯಾವ ಬ್ಯಾಚ್ ಹೋಗುತ್ತದೆ ಎಂದು ಮೊದಲೇ ಹೇಳಲು ಆಗುವುದಿಲ್ಲ, ಅದಕ್ಕೇ ಆ ವಿನಾಯಿತಿ. ಬಂದ ಮೇಲೆ ಒಂದು ನೋಡಿಕೊಳ್ಳಿ. "ಈ ದಿನದೊಳಗೆ ಬಳಸಿ" ಎಂದಿದ್ದರೆ ಅದು ಸುರಕ್ಷತೆಯ ಗಡುವು, ದಾಟಿದರೆ ಎಸೆಯಿರಿ. "ಈ ದಿನದ ತನಕ ಅತ್ಯುತ್ತಮ" ಎಂದಿದ್ದರೆ ಅದು ರುಚಿ, ಗುಣಮಟ್ಟದ ಮಾತು, ದಾಟಿದ ಕೂಡಲೇ ಹಾಳಾಗುವುದಿಲ್ಲ. ಹಾಲು, ಮಾಂಸದಂಥ ಬೇಗ ಕೆಡುವುದಕ್ಕೆ ಮೊದಲನೆಯದು, ಬಿಸ್ಕತ್ತಿನಂಥ ಒಣ ಪದಾರ್ಥಕ್ಕೆ ಎರಡನೆಯದು.

ಅಡ್ಡಪ್ರಶ್ನೆ:
ಇದೊಂದನ್ನು ಮುಂಭಾಗದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ ಎಂದರೆ ನಾನೂ ಸಹಿ ಹಾಕುತ್ತೇನೆ.